ಶಾಲೆ ಮಕ್ಕಳ ಮಾನಸಿಕ ಆರೋಗ್ಯದ ಆಪ್ ವಿಚಾರಕ್ಕೆ ನನ್ನ ಉತ್ತರ, ಸ್ವಲ್ಪ ಉದ್ದ ಆಯ್ತು

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡ್ತಾ ಕೂತ್ರೆ ನಾಳೆ ಆಗ್ತದೆ, ಅದಕ್ಕೆ ಮಾತಾಡೇ ಕಳಿಸ್ತಿದೀನಿ. ಮಧ್ಯ ಮಳೆ ಶಬ್ದ ಕೇಳಿದ್ರೆ ಸಹಿಸ್ಕೊಳ್ಳಿ, ತೀರ್ಥಹಳ್ಳಿ ಕಡೆ ಬೆಳಿಗ್ಗೆಯಿಂದ ಬಿಟ್ಟಿಲ್ಲ.

ಗಿರಿಯಣ್ಣ, ನೀವು ಹಾಕಿದ ಪಿಡಿಎಫ್ ನೋಡಿದೆ. ಶಾಲೆಯ ಆಡಳಿತ ಮಂಡಳಿಯವ್ರು ಮಕ್ಕಳ ಮಾನಸಿಕ ಆರೋಗ್ಯಕ್ಕೆ ಅಂತ ಒಂದು ಆಪ್ ತಗೊಳ್ಳೋ ಯೋಚನೆಯಲ್ಲಿದಾರೆ. ಒಂದು ಮಗುವಿಗೆ ವರ್ಷಕ್ಕೆ 300 ರೂಪಾಯಿ, ಹೈಸ್ಕೂಲಲ್ಲಿ 240 ಮಕ್ಕಳು. ದಿನಾ ಬೆಳಿಗ್ಗೆ ನಗು ಮುಖನೋ ಅಳು ಮುಖನೋ ಒತ್ಬೇಕು, ಬೇಜಾರಾದ್ರೆ ಬಾಟ್ ಜೊತೆ, ಅಂದ್ರೆ ತಾನೇ ಉತ್ತರ ಕೊಡೋ ಕಂಪ್ಯೂಟರ್ ಪ್ರೋಗ್ರಾಂ ಜೊತೆ, ಚಾಟ್ ಮಾಡ್ಬೇಕು, ಅಪಾಯ ಕಂಡ್ರೆ ಹೆಡ್‌ಮಾಸ್ಟ್ರಿಗೆ ಕೆಂಪು ಸಂದೇಶ ಹೋಗ್ತದೆ. "ನೀನು ಸಾಫ್ಟ್‌ವೇರ್‌ನಲ್ಲಿ ಇರೋಳು, ಹೇಳು" ಅಂದ್ರಿ. ಹೇಳ್ತೀನಿ.

ಸುಮಕ್ಕ, "ನಮ್ಮ ಕಾಲದಲ್ಲಿ ಇವೆಲ್ಲ ಇರ್ಲಿಲ್ಲ" ಅಂತ ಬರ್ದಿದೀರಿ. ಇತ್ತು ಅಕ್ಕ, ಹೇಳ್ಕೊಳ್ಳೋಕೆ ಜನ ಇರ್ಲಿಲ್ಲ. ಅದನ್ನ ಇಲ್ಲಿಗೇ ಬಿಡ್ತೀನಿ.

ನಂಗೆ ಮೊದ್ಲು ತಲೆಗೆ ಬಂದಿದ್ದು ಇಷ್ಟು: ಆ ಕೆಂಪು ಸಂದೇಶ ರಾತ್ರಿ ಹನ್ನೊಂದಕ್ಕೆ ಬಂತು ಅಂತಿಟ್ಕೊಳ್ಳಿ, ಯಾರು ಏಳ್ತಾರೆ? ಹೆಡ್‌ಮಾಸ್ಟ್ರ ಮನೇಲಿ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಬೆಳಿಗ್ಗೆ ನೋಡಿದ್ರೂ ಮುಂದೆ ಎಂತ ಮಾಡ್ಬೇಕು ಅಂತ ಅವ್ರಿಗೆ ಯಾರಾದ್ರೂ ಹೇಳ್ಕೊಟ್ಟಿದಾರಾ? ಪಿಡಿಎಫ್‌ನಲ್ಲಿ ಪಿಎಚ್‌ಕ್ಯೂ-9 ಅಂತ ಖಿನ್ನತೆ ಅಳೆಯೋ ಒಂದು ಪ್ರಶ್ನಾವಳಿ ಇದೆ. ಡಾಕ್ಟ್ರುಗಳೂ ಬಳಸೋದೇ, ತಪ್ಪೇನಿಲ್ಲ. ಹಿಂದಿನ ಎರಡು ವಾರ ಹೇಗಿದ್ರಿ ಅಂತ ಒಂಬತ್ತು ಪ್ರಶ್ನೆ. ಕೊನೇದು ಮಾತ್ರ, ಸತ್ತು ಹೋಗಿದ್ರೇ ಒಳ್ಳೇದಿತ್ತು ಅನ್ನಿಸ್ತಾ, ನಿಮಗೆ ನೀವೇ ನೋವು ಮಾಡ್ಕೊಳ್ಳೋ ಯೋಚನೆ ಬಂತಾ ಅಂತ ಕೇಳ್ತದೆ. ಇದನ್ನ 240 ಮಕ್ಕಳಿಗೆ ಒಂದೇ ದಿನ ಕೊಟ್ರೆ ನಾಲ್ಕು ಮಕ್ಕಳಾದ್ರೂ ಹೌದು ಅನ್ನಬಹುದು. ಅವತ್ತು ಸಂಜೆ ಬಸ್ಸು ಹತ್ತೋದ್ರೊಳಗೆ ಆ ನಾಲ್ವರ ಹತ್ರ ಕೂತು ಮಾತಾಡೋರು ಶಾಲೆಯಲ್ಲಿ ಇರ್ಬೇಕು. ಇಲ್ದಿದ್ರೆ ಆ ಪ್ರಶ್ನೆ ಕೇಳೋದೇ ಬೇಡ.

ಇನ್ನು ಫೋನು. ನಮ್ಮ ಮಕ್ಕಳ ಕೈಯಲ್ಲಿರೋ ಫೋನು ಯಾರದ್ದು? ಅಮ್ಮಂದು, ಇಲ್ಲಾಂದ್ರೆ ಅಪ್ಪ ತೋಟದಿಂದ ಬಂದ್ಮೇಲೆ ಅವ್ರದ್ದು. ಹುಡುಗಿ ರಾತ್ರಿ "ಅಪ್ಪ ಕುಡ್ಕೊಂಡು ಬಂದ್ರೆ ಹೆದ್ರಿಕೆ ಆಗ್ತದೆ" ಅಂತ ಬರೀತಾಳೆ, ಬೆಳಿಗ್ಗೆ ಅದೇ ಫೋನಿಗೆ "ಈಗ ಹೇಗಿದೀಯ?" ಅಂತ ಸಂದೇಶ ಬರ್ತದೆ, ಅದನ್ನ ಅಪ್ಪನೇ ಓದ್ತಾರೆ. ಒಂದ್ಸಲ ಹಂಗಾದ್ರೆ ಸಾಕು, ಆಮೇಲೆ ಆ ಮಗು ವರ್ಷಪೂರ್ತಿ ನಗು ಮುಖವನ್ನೇ ಒತ್ತೋದು. ಶಾಲೆಯಲ್ಲಿ ಟೀಚರ್ ಹಿಂದೆ ನಿಂತಿರುವಾಗಲೂ ಅದೇ ಕತೆ. ಇನ್ನು ಬಿಸಿಎಂ ಹಾಸ್ಟೆಲ್ ಮಕ್ಕಳ ಹತ್ರ ಫೋನೇ ಇಲ್ಲ ಮಾರಾಯ್ರೇ, ಮನೆಬಿಟ್ಟು ಬಂದ ಮಕ್ಕಳೇ ಲೆಕ್ಕಕ್ಕಿಲ್ಲ ಅಂದ ಹಂಗಾಯ್ತು. ಕೆಲವು ಮಕ್ಕಳು ಬಾಯಲ್ಲಿ ಹೇಳದ್ದನ್ನ ಬರೀತಾರೆ, ಅದು ನಿಜ. ಅದಕ್ಕೇ ಆಪ್ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ.

ಡೆಮೋ ಲಿಂಕಲ್ಲಿ ಬಾಟಿಗೆ ನಮ್ಮ ಹುಡುಗ್ರು ಹೇಳೋ ಹಂಗೇ ಹಾಕಿ ನೋಡ್ದೆ: "ಎಂತಕೋ ಯಾವ್ದೂ ಬ್ಯಾಡ ಅನ್ಸ್ತದೆ." ಯಾವ ವಸ್ತು ಬೇಡ ಅಂತ ಕೇಳ್ತು! ನಗು ಬಂತು, ಆಮೇಲೆ ಹೆದ್ರಿಕೆನೂ ಆಯ್ತು. ಧ್ಯಾನದ ವಿಡಿಯೋನೂ ಇವೆಯಂತೆ. ಬ್ರಿಟನ್ನಲ್ಲಿ 85 ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನ ಸೇರಿಸಿ, ಕೆಲವು ಶಾಲೆಗಳಲ್ಲಿ ಮೈಂಡ್‌ಫುಲ್‌ನೆಸ್ ಅಂದ್ರೆ ಧ್ಯಾನದಂಥ ಪಾಠ, ಉಳಿದವುಗಳಲ್ಲಿ ಮಾಮೂಲಿ ಪಾಠ ಮಾಡಿ ಹೋಲಿಸಿ ನೋಡಿದ್ರು, ಮಿರಿಯಡ್ ಅಂತ ಅಧ್ಯಯನ. 2022ರಲ್ಲಿ ಫಲಿತಾಂಶ ಬಂತು, ಮಾಮೂಲಿ ಪಾಠಕ್ಕಿಂತ ಹೆಚ್ಚಿಗೆ ಪ್ರಯೋಜನ ಕಾಣ್ಲಿಲ್ಲ. ವಿಡಿಯೋ ಇರ್ಲಿ, ಅದಕ್ಕೆ ಅಂತ ದುಡ್ಡು ಕೊಡೋದು ಬೇಡ.

ಮಕ್ಕಳು ಬರೆದದ್ದು ಎಲ್ಲಿಗೆ ಹೋಗ್ತದೆ ಅನ್ನೋದೂ ಸಣ್ಣ ವಿಷಯ ಅಲ್ಲ. ಬೆಟರ್‌ಹೆಲ್ಪ್ ಅಂತ ಅಮೆರಿಕದ ದೊಡ್ಡ ಕೌನ್ಸೆಲಿಂಗ್ ಸೇವೆ, ಜನ ಕೊಟ್ಟ ಮಾಹಿತಿಯನ್ನ ಜಾಹೀರಾತಿಗಾಗಿ ಫೇಸ್‌ಬುಕ್ಕಿನಂಥವ್ರ ಜೊತೆ ಹಂಚ್ಕೊಂಡಿದೆ ಅಂತ ಅಲ್ಲಿನ ಸರ್ಕಾರಿ ಆಯೋಗ 2023ರಲ್ಲಿ 78 ಲಕ್ಷ ಡಾಲರ್ ಕಟ್ಟಿಸ್ತು. ವೋಬಾಟ್ ಅಂತ ಹೆಸರುವಾಸಿ ಬಾಟ್ ಒಂದಿತ್ತು, 2025ರ ಜೂನ್ ಕೊನೆಗೆ ಆ ಆಪ್ ನಿಂತೇ ಹೋಯ್ತು. ನಮ್ಮ ಆಪೂ ಹಂಗೆ ನಿಂತ್ರೆ ಮಕ್ಕಳು ಬರೆದದ್ದು ಏನಾಗ್ತದೆ ಅಂತ ಕೇಳ್ಬೇಕು. ನಮ್ಮ 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ 18 ತುಂಬದವ್ರೆಲ್ಲ ಮಕ್ಕಳೇ, ಅವ್ರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅಂತಿದೆ. ಫೀಸ್ ರಸೀದಿ ಹಿಂದೆ ಒಂದು ಸಹಿ ಹಾಕಿಸ್ಕೊಂಡ್ರೆ ನಾನಂತೂ ಹಾಕಲ್ಲ.

ಈಗ ಲೆಕ್ಕ. 240ಕ್ಕೆ 300 ಅಂದ್ರೆ 72 ಸಾವಿರ, ತಿಂಗಳಿಗೆ 6 ಸಾವಿರ. ಪಕ್ಕದ ಎರಡು ಶಾಲೆಯವ್ರೂ ಸೇರಿದ್ರೆ ಶಿವಮೊಗ್ಗದಿಂದ ಒಬ್ರು ಆಪ್ತಸಮಾಲೋಚಕರನ್ನ ತಿಂಗಳಿಗೆ ಎರಡ್ಮೂರು ಸಲ ಕರೆಸಬಹುದು. ಇದು ನಮ್ಮ ಉಪಕಾರ ಅಂತಲೂ ಅಲ್ಲ. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್, 100 ಅಥವಾ ಹೆಚ್ಚು ಮಕ್ಕಳಿರೋ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಸಮಾಲೋಚಕರು ಒಬ್ರಾದ್ರೂ ಇರ್ಬೇಕು ಅಂದಿದೆ. ಮಂಡಳಿಯವ್ರು ಇದನ್ನ ಓದಿದಾರಾ ಕೇಳಿ.

ಡಿಜಿಟಲ್ ಬೇಕೇ ಬೇಕು ಅಂದ್ರೆ ನಂಗೆ ಹಿಡಿಸಿದ್ದು ಹಳೇ ಬಟನ್ ಫೋನು. 14416, ಟೆಲಿ ಮಾನಸ್. 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ, ನಿಮ್ಹಾನ್ಸ್ ಉಸ್ತುವಾರಿ, ಬಿಟ್ಟಿ, ಇಪ್ಪತ್ನಾಲ್ಕು ಗಂಟೆನೂ ಇದೆ, ಕನ್ನಡದಲ್ಲೇ ಮಾತಾಡ್ತಾರೆ. ಲೈಬ್ರರಿ ಪಕ್ಕದ ಕೋಣೆಗೆ ಬಾಗಿಲಿದೆಯಲ್ಲ, ಅಲ್ಲಿ ಒಂದು ಫೋನಿಡಿ. ಯಾವ ಮಗು ಯಾಕೆ ಹೋಯ್ತು ಅಂತ ಯಾರೂ ಕೇಳಬಾರದು. ಐಡಿ ಕಾರ್ಡಿನ ಹಿಂದೆ 14416 ಮತ್ತೆ ಮಕ್ಕಳ ಸಹಾಯವಾಣಿ 1098 ಅಚ್ಚು ಹಾಕಿಸಿ. ಹೆಚ್ಚಿನದಕ್ಕೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗ ಇದೆ, ಅಲ್ಲಿಗೆ ಮಗುವನ್ನ ಯಾರು ಕರ್ಕೊಂಡು ಹೋಗ್ತಾರೆ, ಬಸ್ ಚಾರ್ಜು ಯಾರ್ದು ಅಂತ ಈಗ್ಲೇ ಬರ್ದಿಡಿ.

ಇಷ್ಟೆಲ್ಲ ಆದ್ಮೇಲೂ ಆಪ್ ಬೇಕು ಅನ್ನಿಸಿದ್ರೆ ಒಂಬತ್ತನೇ ಕ್ಲಾಸಿನ ಒಂದು ವಿಭಾಗಕ್ಕೆ ಮಾತ್ರ, ಒಂದು ಟರ್ಮ್ ಬಳಸಿ ನೋಡೋಣ, ಬಾಟ್ ಬಂದ್ ಮಾಡಿಸಿ. ಗಿರಿಯಣ್ಣ, ಕಂಪನಿಯವ್ರ ಕರಾರು ಪತ್ರ ನಂಗೆ ಬೇರೆಯಾಗಿ ಕಳ್ಸಿ, ಸಭೆಗೆ ಮೊದ್ಲು ಓದ್ಕೊಂಡು ಬರ್ತೀನಿ. ಸಭೆಗೆ ಹಾಸ್ಟೆಲ್ ವಾರ್ಡನ್ನೂ ಕರೀರಿ, ಪ್ರತಿ ಸಲ ಅವ್ರನ್ನ ಬಿಟ್ಟೇ ಮಾಡ್ತೀವಿ.