ಚೀಟಿಯಲ್ಲಿ ಒಂದು ಬೆಲೆ, ಕೌಂಟರ್‌ನಲ್ಲಿ ಇನ್ನೊಂದು. ಮಗನಿಗೆ ಹೇಗೆ ಹೇಳಲಿ?

ಹಾಸನದ ಅಮ್ಮ, ಫ್ರಿಸ್ಕೊ, ಟೆಕ್ಸಾಸ್:
ಎಲ್ಲರಿಗೂ ನಮಸ್ಕಾರ. ಈ ಬೇಸಿಗೆಯಲ್ಲಿ ಬಂದವರು ನಾವು. ಪ್ರಶ್ನೆ ಸಣ್ಣದು, ನಗಬೇಡಿ. ಮಗ ನಾಲ್ಕನೇ ಕ್ಲಾಸು. ಚಿಕ್ಕಪ್ಪ ಕೊಟ್ಟ ಹತ್ತು ಡಾಲರ್ ನೋಟು ಹಿಡಿದುಕೊಂಡು ಅಂಗಡಿಯಲ್ಲಿ ಅವನೇ ಆರಿಸಿದ. ಒಂದು ಕಾರು 6.99, ಒಂದು ಸ್ಟಿಕ್ಕರ್ ಪುಸ್ತಕ 2.99. ಮನಸ್ಸಲ್ಲೇ ಕೂಡಿಸಿ 9.98 ಅಂತ ಖುಷಿಯಾಗಿದ್ದ. ಎರಡು ಸೆಂಟ್ ಚಿಲ್ಲರೆಗೆ ಕೈ ಚಾಚಿದ್ದೂ ಆಯಿತು. ಕೌಂಟರ್‌ನಲ್ಲಿದ್ದವಳು ಸೇಲ್ಸ್ ಟ್ಯಾಕ್ಸ್ ಸೇರಿಸಿ 10.80 ಅಂದಳು. ಹಿಂದೆ ಉದ್ದ ಸಾಲು. ನಾನು ಪರ್ಸ್‌ನಲ್ಲಿ ಚಿಲ್ಲರೆ ಹುಡುಕುವಷ್ಟರಲ್ಲಿ ಅವನು ಸ್ಟಿಕ್ಕರ್ ಪುಸ್ತಕ ವಾಪಸ್ ಇಟ್ಟು ಬಂದಿದ್ದ. "ಅಮ್ಮ, ಇವರು ಸುಳ್ಳು ಬೆಲೆ ಬರೆಯುತ್ತಾರೆ" ಅಂತ ಈಗಲೂ ಹೇಳುತ್ತಾನೆ. ಅಂಗಡಿಗೆ ಬಾ ಅಂದರೆ ಬರಲ್ಲ.

ಎಂಆರ್‌ಪಿ ನೋಡಿ ಬೆಳೆದ ಮಗು, ಅವನ ತಪ್ಪೇನಿದೆ? ನನಗೇ ಪೂರ್ತಿ ಅರ್ಥವಾಗಿಲ್ಲ. ಇಂಡಿಯನ್ ಸ್ಟೋರ್ ಬಿಲ್ಲಿನಲ್ಲಿ ಸೋನಾ ಮಸೂರಿಗೆ, ತೊಗರಿಬೇಳೆಗೆ ಟ್ಯಾಕ್ಸ್ ಇಲ್ಲ. ಊದಿನಕಡ್ಡಿಗೆ, ಹೂಬತ್ತಿಗೆ ಇದೆ. ಫ್ರೋಜನ್ ಸಮೋಸಕ್ಕೆ ಇಲ್ಲ, ಅಲ್ಲೇ ನಿಂತು ತಿಂದ ಬಿಸಿ ಸಮೋಸಕ್ಕೆ ಇದೆ. ಯಾಕೆ? ಯಾರು ಇದನ್ನೆಲ್ಲ ತೀರ್ಮಾನ ಮಾಡುತ್ತಾರೆ?

ಇನ್ನೆರಡು. ಯಜಮಾನರಿಗೆ ಮುಂದಿನ ವರ್ಷ ನ್ಯೂಜೆರ್ಸಿ ಇಲ್ಲ ಸಿಯಾಟಲ್ ಆಫೀಸಿಗೆ ಹೋಗುವ ಅವಕಾಶ ಇದೆ. ಮಕ್ಕಳಿರುವ ಮನೆಗೆ ಈ ಟ್ಯಾಕ್ಸ್ ನೋಡಿ ಊರು ಆರಿಸಬೇಕಾ? ಮತ್ತೆ ಮಾವ ಬರುತ್ತಾರೆ. ಕೊಂಡ ಸಾಮಾನಿನ ಟ್ಯಾಕ್ಸ್ ಏರ್‌ಪೋರ್ಟಿನಲ್ಲಿ ವಾಪಸ್ ಸಿಗುತ್ತಾ?

ಶಿರಸಿ ಅಡಿಕೆ, ಎಡಿಸನ್, ನ್ಯೂಜೆರ್ಸಿ:
ಯೋಚನೆ ಮಾಡದೆ ಇಲ್ಲಿಗೆ ಬನ್ನಿ. ನಮ್ಮಲ್ಲಿ ಬಟ್ಟೆಗೂ ಶೂಗೂ ಟ್ಯಾಕ್ಸ್ ಇಲ್ಲ. ಬೆಳೆಯುವ ಮಕ್ಕಳಿರುವ ಮನೆಗೆ ಇದಕ್ಕಿಂತ ಇನ್ನೇನು ಬೇಕು? ಉಳಿದ ಸಾಮಾನಿಗೆ 6.625 ಪರ್ಸೆಂಟ್, ಹೆಚ್ಚುಕಡಿಮೆ ರಾಜ್ಯದ ತುಂಬ ಒಂದೇ ರೇಟು. ಊರಿಗೊಂದು ಲೆಕ್ಕ ಇಲ್ಲ. ಕೈಗೆ ಸಿಗುವ ದೂರದಲ್ಲಿ ದೋಸೆಯೂ ಇದೆ.

ಪ್ಲೇನೋ ಮೇಷ್ಟ್ರು, ಟೆಕ್ಸಾಸ್:
ಹಾಸನದ ಅಮ್ಮ, ನಿಮ್ಮ ಮಗನ ಕೂಡಿಸುವ ಲೆಕ್ಕ ಸರಿಯಾಗೇ ಇದೆ, ಅದನ್ನು ಮೊದಲು ಅವನಿಗೆ ಹೇಳಿ. 9.98ಕ್ಕೆ 8.25 ಪರ್ಸೆಂಟ್ ಅಂದರೆ 82 ಸೆಂಟ್. ಆ 82 ಸೆಂಟ್ ಅಂಗಡಿಯವನದ್ದಲ್ಲ. ಅವನು ವಸೂಲಿ ಮಾಡಿ ರಾಜ್ಯಕ್ಕೆ ಕಟ್ಟುತ್ತಾನೆ, ಅಷ್ಟೇ.

ಈ 8.25 ಎರಡು ತುಂಡು. ರಾಜ್ಯದ್ದು 6.25. ಮಿಕ್ಕ ಎರಡು ಸ್ಥಳೀಯರದ್ದು, ಅದಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಆ ಎರಡನ್ನು ಹೇಗೆ ಹಂಚಿಕೊಳ್ಳಬೇಕು ಅನ್ನುವುದು ಊರಿಗೆ ಬಿಟ್ಟದ್ದು. ಡಲ್ಲಾಸ್‌ನಲ್ಲಿ ಒಂದು ನಗರಕ್ಕೆ, ಇನ್ನೊಂದು ಡಾರ್ಟ್ ರೈಲು ಬಸ್ಸಿಗೆ. ನಿಮ್ಮ ಫ್ರಿಸ್ಕೊದಲ್ಲಿ ಡಾರ್ಟ್ ಇಲ್ಲ. ಒಂದು ನಗರಕ್ಕೆ, ಅರ್ಧ ಆರ್ಥಿಕ ಅಭಿವೃದ್ಧಿ ನಿಗಮಕ್ಕೆ, ಅರ್ಧ ಸಮುದಾಯ ಅಭಿವೃದ್ಧಿ ನಿಗಮಕ್ಕೆ. ಇಡೀ ದೇಶಕ್ಕೆ ಅಂತ ಒಂದು ಸೇಲ್ಸ್ ಟ್ಯಾಕ್ಸ್ ಇಲ್ಲವೇ ಇಲ್ಲ. 45 ರಾಜ್ಯಗಳು ಮತ್ತು ವಾಷಿಂಗ್ಟನ್ ಡಿಸಿ ತಮ್ಮ ತಮ್ಮ ಲೆಕ್ಕದಲ್ಲಿ ಹಾಕುತ್ತವೆ. ಅದರ ಮೇಲೆ ಕೌಂಟಿ (ನಮ್ಮ ಜಿಲ್ಲೆಯ ಹಾಗೆ), ನಗರ, ಸಾರಿಗೆ ಅಂತ ಸಾವಿರಾರು ರೇಟುಗಳು. ದೇಶಕ್ಕೆಲ್ಲ ಒಂದೇ ಬೆಲೆ ಅಂತ ಜಾಹೀರಾತು ಕೊಡುವ ಕಂಪನಿ ಚೀಟಿಯಲ್ಲಿ ಯಾವ ಊರಿನ ಟ್ಯಾಕ್ಸ್ ಸೇರಿಸಿ ಬರೆಯಬೇಕು ಹೇಳಿ.

ಹಾಸನದಲ್ಲಿ ನೀವು ಮಗನನ್ನು ಹೋಟೆಲಿಗೆ ಕರೆದುಕೊಂಡು ಹೋಗಿರುತ್ತೀರಿ ಅಲ್ವಾ? ಮೆನುವಿನಲ್ಲಿ ಒಂದು ಬೆಲೆ, ಬಿಲ್ಲಿನ ಕೊನೆಯಲ್ಲಿ ಸಿಜಿಎಸ್‌ಟಿ ಎರಡೂವರೆ, ಎಸ್‌ಜಿಎಸ್‌ಟಿ ಎರಡೂವರೆ. ಇಲ್ಲಿ ಎಲ್ಲ ಅಂಗಡಿಯೂ ಹಾಗೆ ಅಂತ ಹೇಳಿ. ತಟ್ಟನೆ ಅರ್ಥವಾಗುತ್ತದೆ.

ಮನೆಗೆ ಒಯ್ದು ಅಡುಗೆ ಮಾಡುವ ಸಾಮಾನಿಗೆ ಟೆಕ್ಸಾಸ್‌ನಲ್ಲಿ ಟ್ಯಾಕ್ಸ್ ಇಲ್ಲ. ಅಕ್ಕಿ, ಬೇಳೆ, ಹಾಲು, ತರಕಾರಿ, ಫ್ರೋಜನ್ ಸಮೋಸ ಎಲ್ಲ ಇದರೊಳಗೆ. ಬಿಸಿ ಮಾಡಿ ಕೈಗೆ ಕೊಟ್ಟರೆ ಅದು ಹೋಟೆಲ್ ಊಟ, ಟ್ಯಾಕ್ಸ್ ಬಿತ್ತು. ಸೋಡಾ, ಚಾಕಲೇಟಿಗೂ ಬೀಳುತ್ತದೆ. ಊದಿನಕಡ್ಡಿ ತಿನ್ನುವ ವಸ್ತುವಲ್ಲ, ಹಾಗಾಗಿ ಅದಕ್ಕೂ. ಡಾಕ್ಟರ್ ಚೀಟಿ ಇಲ್ಲದೆ ಸಿಗುವ ಜ್ವರದ ಔಷಧಿಗೆ ಇಲ್ಲ. ಸೆಪ್ಟೆಂಬರ್ 2023ರಿಂದ ಡೈಪರ್‌ಗೂ ಇಲ್ಲ, ಚಿಕ್ಕ ಮಗು ಇದ್ದವರಿಗೆ ಇದು ದೊಡ್ಡ ಉಳಿತಾಯ. ಬಿಲ್ಲಿನಲ್ಲಿ ಪ್ರತಿ ಸಾಮಾನಿನ ಪಕ್ಕ ಒಂದು ಅಕ್ಷರ ಇರುತ್ತದೆ. ಅಂಗಡಿಯಿಂದ ಅಂಗಡಿಗೆ ಬೇರೆ, ಆದರೆ ಟ್ಯಾಕ್ಸ್ ಬಿದ್ದದ್ದಕ್ಕೆ ಒಂದು ಗುರುತು, ಬೀಳದ್ದಕ್ಕೆ ಇನ್ನೊಂದು. ಮಗನ ಕೈಗೆ ಬಿಲ್ಲು, ಒಂದು ಕೆಂಪು ಪೆನ್ನು ಕೊಟ್ಟು ಹುಡುಕಲು ಹೇಳಿ.

ಕೊನೆಯದಾಗಿ ಹತ್ತರ ನೋಟು. ನಮ್ಮ ಕಡೆ ಚೀಟಿಯ ಬೆಲೆ 9.24 ದಾಟಬಾರದು. 9.24ಕ್ಕೆ ಟ್ಯಾಕ್ಸ್ ಸೇರಿದರೆ ಸರಿಯಾಗಿ ಹತ್ತು.

ಬೆಳಗಾವಿ ಕುಂದಾ, ಬಾತೆಲ್, ವಾಷಿಂಗ್ಟನ್:
ಸಿಯಾಟಲ್ ಕಡೆ ಬರುವುದಾದರೆ ಒಂದು ಮಾತು ರೀ. ಸಂಬಳದ ಮೇಲೆ ರಾಜ್ಯದ ಟ್ಯಾಕ್ಸ್ ಇಲ್ಲ, ಆದರೆ ಅಂಗಡಿಯಲ್ಲಿ ಹತ್ತು ಪರ್ಸೆಂಟ್ ದಾಟುತ್ತದೆ. ನಾವು ದೊಡ್ಡ ಸಾಮಾನೆಲ್ಲ ಪೋರ್ಟ್‌ಲ್ಯಾಂಡ್‌ನಲ್ಲೇ ಕೊಳ್ಳುವುದು. ಆರೆಗನ್‌ನಲ್ಲಿ ಸೇಲ್ಸ್ ಟ್ಯಾಕ್ಸ್ ಅನ್ನುವುದೇ ಇಲ್ಲ. ಲ್ಯಾಪ್‌ಟಾಪ್, ಸೋಫಾ, ಮಗಳ ವೀಣೆಯ ಪೆಟ್ಟಿಗೆ, ಎಲ್ಲ ಅಲ್ಲಿಂದ. ಮಕ್ಕಳಿಗೂ ಒಂದು ಟ್ರಿಪ್ ಆಯಿತು.

ಪ್ಲೇನೋ ಮೇಷ್ಟ್ರು, ಟೆಕ್ಸಾಸ್:
ಕುಂದಾ ಅವರೇ, ಕೊಂಡು ತಂದು ವಾಷಿಂಗ್ಟನ್‌ನಲ್ಲಿ ಬಳಸಿದರೆ ಯೂಸ್ ಟ್ಯಾಕ್ಸ್ ಕಟ್ಟಬೇಕು, ಅಂದರೆ ಹೊರಗೆ ತಪ್ಪಿದ ಸೇಲ್ಸ್ ಟ್ಯಾಕ್ಸ್ ಬದಲು ಸ್ವಂತ ರಾಜ್ಯಕ್ಕೆ ಕಟ್ಟುವ ಟ್ಯಾಕ್ಸ್. ಕಾನೂನು ಅದೇ. ಸೋಫಾ ಯಾರೂ ಕೇಳದೆ ಹೋಗಬಹುದು. ಕಾರು ತಂದು ನೋಡಿ, ರಿಜಿಸ್ಟ್ರೇಷನ್ ದಿನ ಕೌಂಟರ್‌ನಲ್ಲೇ ಕೇಳುತ್ತಾರೆ.

ಬೆಳಗಾವಿ ಕುಂದಾ, ಬಾತೆಲ್, ವಾಷಿಂಗ್ಟನ್:
ಮೇಷ್ಟ್ರೇ, ಅಷ್ಟು ದೂರ ಪೆಟ್ರೋಲ್ ಹಾಕಿಸಿಕೊಂಡು ಹೋಗಿ ಬರುತ್ತೇವೆ. ಅದರ ಟ್ಯಾಕ್ಸ್ ಕಟ್ಟಿಲ್ಲವೇ?

ತೀರ್ಥಹಳ್ಳಿ ಮಳೆ, ಶ್ರೂಸ್‌ಬರಿ, ಮ್ಯಾಸಚೂಸೆಟ್ಸ್:
ಈ ಟ್ರಿಪ್ಪಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಕಡೆ ಎಲ್ಲರೂ ನ್ಯೂ ಹ್ಯಾಂಪ್‌ಶೈರ್‌ನ ನ್ಯಾಶುವಾಕ್ಕೆ ಹೋಗುವುದು ವಾಡಿಕೆ. ಅಲ್ಲಿ ಸೊನ್ನೆ, ಇಲ್ಲಿ 6.25. ಮಕ್ಕಳು ಚಿಕ್ಕವರಿದ್ದಾಗ ಎಷ್ಟು ವಾರಾಂತ್ಯ ಆ ಮಾಲ್‌ನ ಪಾರ್ಕಿಂಗ್‌ನಲ್ಲಿ ಕಳೆದೆವೋ. ಭಾನುವಾರದ ಕನ್ನಡ ತರಗತಿಗೆ "ಈ ವಾರ ಬೇಡ, ಮುಂದಿನ ವಾರ" ಅಂತ ಹೇಳುತ್ತಾ ಬಂದೆವು. ಆಗ ಬಹುಪಾಲು ಕೊಂಡದ್ದು ಬಟ್ಟೆ. ಬಟ್ಟೆಗೆ ಮ್ಯಾಸಚೂಸೆಟ್ಸ್‌ನಲ್ಲೂ ಒಂದೊಂದಕ್ಕೆ 175 ಡಾಲರ್‌ವರೆಗೆ ಟ್ಯಾಕ್ಸ್ ಇಲ್ಲ, ದಾಟಿದರೆ ದಾಟಿದಷ್ಟಕ್ಕೆ ಮಾತ್ರ. ಈಗ ದೊಡ್ಡವನು ಅಜ್ಜಿಯ ಜೊತೆ ಫೋನಿನಲ್ಲಿ "ಊಟ ಆಯ್ತಾ" ಆದ ಮೇಲೆ ಸುಮ್ನೆ ನಗುತ್ತಾನೆ. ಅಜ್ಜಿಯೂ ನಗುತ್ತಾರೆ.

ದಾವಣಗೆರೆ ಬೆಣ್ಣೆ, ಫೀನಿಕ್ಸ್, ಅರಿಜೋನಾ:
ನನ್ನ ಮಗಳು ಮೂರನೇ ಕ್ಲಾಸಿನಲ್ಲೇ ಟ್ಯಾಕ್ಸ್ ಸಮೇತ ಬಾಯಿಲೆಕ್ಕ ಮಾಡುತ್ತಿದ್ದಳು. ಮಗ್ಗಿ ಕಲಿಸಿ. ಇಪ್ಪತ್ತರವರೆಗೆ. ದಿನಾ ಬೆಳಗ್ಗೆ ಸ್ನಾನ ಆದ ಮೇಲೆ. ಈಗ ಅವಳು ಗಣಿತ ಸ್ಪರ್ಧೆಯಲ್ಲಿ ಜಿಲ್ಲೆಗೇ ಮೊದಲು.

ಹಳೇ ಹುಲಿ, ಕೇಟಿ, ಟೆಕ್ಸಾಸ್:
ಎಲ್ಲರೂ ಸೆಂಟ್ ಲೆಕ್ಕದಲ್ಲೇ ಮುಳುಗಿದ್ದೀರಿ. ನೋಡಮ್ಮ, ಟೆಕ್ಸಾಸ್‌ನಲ್ಲಿ ಮನುಷ್ಯನನ್ನು ತಿನ್ನುವುದು ಸೇಲ್ಸ್ ಟ್ಯಾಕ್ಸ್ ಅಲ್ಲ, ಪ್ರಾಪರ್ಟಿ ಟ್ಯಾಕ್ಸ್. ಇನ್‌ಕಮ್ ಟ್ಯಾಕ್ಸ್ ಇಲ್ಲ ಅಂತ ಎಲ್ಲರೂ ಕುಣಿದುಕೊಂಡು ಬರುತ್ತಾರೆ. ಒಳ್ಳೆ ಸ್ಕೂಲ್ ಇರುವ ಜಾಗದಲ್ಲಿ ಮನೆ ತೆಗೆದುಕೊಳ್ಳಿ, ಮನೆ ಬೆಲೆಯ ಎರಡು ಪರ್ಸೆಂಟ್ ಹತ್ತಿರ ವರ್ಷ ವರ್ಷ ಕಟ್ಟಬೇಕು. ಸಾಲ ತೀರಿದರೂ ಇದು ತೀರುವುದಿಲ್ಲ. ಸ್ವಂತ ಮನೆಗೆ ಬಾಡಿಗೆ ಕೊಟ್ಟ ಹಾಗೆ.

ಮಗುವಿಗೆ ಹತ್ತು ಡಾಲರ್ ಕೊಟ್ಟು ಅಂಗಡಿಗೆ ಬಿಡುವುದೇ ನನಗೆ ಸರಿ ಕಾಣುವುದಿಲ್ಲ. ಓದುವ ವಯಸ್ಸಿನಲ್ಲಿ ದುಡ್ಡಿನ ಯೋಚನೆ ಯಾಕೆ? ಅದು ಅಪ್ಪ ಅಮ್ಮನ ಕೆಲಸ. ನಾನು 1998ರಲ್ಲಿ ಬಂದವನು. ಮಕ್ಕಳಿಗೆ ಒಂದು ಸೆಂಟ್ ಕೈಗೆ ಕೊಡಲಿಲ್ಲ, ಇಬ್ಬರೂ ಡಾಕ್ಟರ್. ಮೊದಲು ಮನೆ ಕೊಳ್ಳಿ. ಕೊಂಡ ವರ್ಷವೇ ಹೋಮ್‌ಸ್ಟೆಡ್ ಅರ್ಜಿ ಹಾಕಿ. ಬಾಡಿಗೆ ಮನೆಯಲ್ಲಿ ಇದ್ದುಕೊಂಡು ಊದಿನಕಡ್ಡಿ ಟ್ಯಾಕ್ಸ್ ಬಗ್ಗೆ ತಲೆ ಕೆಡಿಸಿಕೊಂಡರೆ ಉದ್ಧಾರ ಆಗುವುದಿಲ್ಲ.

ಕೋಲಾರ ಚಿನ್ನ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ:
ಹುಲಿ ಅಣ್ಣ, ಪೂರ್ತಿ ಒಪ್ಪುವುದಿಲ್ಲ. ದುಡ್ಡು ಕೈಗೆ ಕೊಡದೆ ಬೆಳೆಸಿದ ಎಷ್ಟೋ ಮಕ್ಕಳು ಕಾಲೇಜಿಗೆ ಹೋದ ಮೊದಲ ತಿಂಗಳೇ ಕಾರ್ಡ್ ಖಾಲಿ ಮಾಡಿಕೊಂಡು ಅಪ್ಪನಿಗೆ ಫೋನ್ ಮಾಡುತ್ತಾರೆ. ಹತ್ತು ಡಾಲರ್‌ನಲ್ಲಿ ಕಲಿಯುವುದೇ ಅಗ್ಗ. ಇನ್ನು ಪ್ರಾಪರ್ಟಿ ಟ್ಯಾಕ್ಸ್ ಬಗ್ಗೆ ಹೇಳುವುದಾದರೆ ನಮ್ಮಲ್ಲಿಗೆ ಬನ್ನಿ, ಮನೆ ಬೆಲೆ ಕೇಳಿ. ಆಮೇಲೆ ಅಳೋಣ. ಸೇಲ್ಸ್ ಟ್ಯಾಕ್ಸ್ 7.25ರಿಂದಲೇ ಶುರು, ಅದರ ಮೇಲೆ ಜಿಲ್ಲೆ ಜಿಲ್ಲೆಗೆ ಬೇರೆ.

ಹಳೇ ಹುಲಿ, ಕೇಟಿ, ಟೆಕ್ಸಾಸ್:
ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಳ್ಳಿ ಅಂತ ನಾನು ಯಾರಿಗೂ ಹೇಳಿಲ್ಲ.

ಕೋಲಾರ ಚಿನ್ನ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ:
ನಾನೂ ಅದನ್ನು ಹೇಳಲಿಲ್ಲ ಅಣ್ಣ. ಮಕ್ಕಳ ವಿಷಯ ಹೇಳಿದೆ.

ಶಿರಸಿ ಅಡಿಕೆ, ಎಡಿಸನ್, ನ್ಯೂಜೆರ್ಸಿ:
ಪ್ರಾಪರ್ಟಿ ಟ್ಯಾಕ್ಸ್ ಅಂದರೆ ನ್ಯೂಜೆರ್ಸಿಯನ್ನು ಬಿಟ್ಟು ಮಾತಾಡಬೇಡಿ, ಅದರಲ್ಲೂ ನಾವೇ ಮುಂದೆ. ಹಾಸನದ ಅಮ್ಮನ ಮಗನಿಗೆ ಒಂದು ಮಜಾ ಹೇಳಿ. ಇಲ್ಲಿ ಚಾಕಲೇಟಿಗೆ ಟ್ಯಾಕ್ಸ್ ಇದೆ. ಆದರೆ ಅದರಲ್ಲಿ ಹಿಟ್ಟು ಸೇರಿದ್ದರೆ ಕಾನೂನಿನ ಲೆಕ್ಕದಲ್ಲಿ ಅದು ಕ್ಯಾಂಡಿ ಅಲ್ಲ, ಆಹಾರ. ಒಳಗೆ ಬಿಸ್ಕತ್ತು ಇರುವ ಟ್ವಿಕ್ಸ್‌ಗೆ ಟ್ಯಾಕ್ಸ್ ಇಲ್ಲ, ಬರೀ ಚಾಕಲೇಟ್ ಬಾರ್‌ಗೆ ಇದೆ. ನಮ್ಮ ಚಿಕ್ಕವಳು ಅಂಗಡಿಯಲ್ಲಿ ಕವರ್ ತಿರುಗಿಸಿ ಓದಿ ಆಮೇಲೆ ಆರಿಸುತ್ತಾಳೆ.

ದಾವಣಗೆರೆ ಬೆಣ್ಣೆ, ಫೀನಿಕ್ಸ್, ಅರಿಜೋನಾ:
ಹಾಗಾದರೆ ಮೈಸೂರು ಪಾಕ್? ಕಡಲೆಹಿಟ್ಟು ಹಿಟ್ಟಲ್ಲವೇ?

ಶಿರಸಿ ಅಡಿಕೆ, ಎಡಿಸನ್, ನ್ಯೂಜೆರ್ಸಿ:
ನೀವು ಮಾಡಿ ಕಳಿಸಿ, ನಾನು ಟ್ಯಾಕ್ಸ್ ಕೇಳುವುದಿಲ್ಲ.

ಮಂಡ್ಯ ಬೆಲ್ಲ, ಷಾರ್ಲೆಟ್, ನಾರ್ತ್ ಕೆರೊಲಿನಾ:
ನಮ್ಮ ದೇಶದಲ್ಲಿ ಎಂಆರ್‌ಪಿ ಅಂದರೆ ಎಂಆರ್‌ಪಿ. ಬಡವನಿಗೂ ಒಂದೇ, ಸಾಹುಕಾರನಿಗೂ ಒಂದೇ. ಇಲ್ಲಿಯವರು ಅದನ್ನು ಕಲಿಯಬೇಕು.

ಪ್ಲೇನೋ ಮೇಷ್ಟ್ರು, ಟೆಕ್ಸಾಸ್:
ಬೆಲ್ಲ ಅವರೇ, ಎಂಆರ್‌ಪಿಯೊಳಗೆ ಟ್ಯಾಕ್ಸ್ ಕೂತಿರುತ್ತದೆ, ಕಾಣುವುದಿಲ್ಲ ಅಷ್ಟೇ. ಸೆಪ್ಟೆಂಬರ್ 22, 2025ರಿಂದ ಜಿಎಸ್‌ಟಿಯನ್ನು ಮುಖ್ಯವಾಗಿ 5 ಮತ್ತು 18 ಅಂತ ಮಾಡಿದರಲ್ಲ, ಆಗ ಎಷ್ಟೋ ಜನಕ್ಕೆ ತಾವು ಇಷ್ಟು ದಿನ ಶಾಂಪೂವಿಗೆ 18 ಕಟ್ಟುತ್ತಿದ್ದೆವು ಅಂತ ಗೊತ್ತಾಯಿತು. ಇಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ಬರೆಯುತ್ತಾರೆ. ನನಗೆ ಇದೇ ಇಷ್ಟ. ಮಗುವಿಗೆ ಬೇಜಾರಾದರೂ ಎಷ್ಟು ಹೋಯಿತು ಅಂತ ಗೊತ್ತಾಗುತ್ತದೆ.

ಹಾಸನದ ಅಮ್ಮನ ಉಳಿದ ಪ್ರಶ್ನೆ ಯಾರೂ ಮುಟ್ಟಿಲ್ಲ. ಮಾವನವರಿಗೆ ಯುರೋಪಿನ ಹಾಗೆ ಏರ್‌ಪೋರ್ಟಿನಲ್ಲಿ ಕಸ್ಟಮ್ಸ್‌ನವರು ವಾಪಸ್ ಕೊಡುವುದಿಲ್ಲ. ಯುರೋಪಿನಲ್ಲಿ ಸಿಗುವುದು ವ್ಯಾಟ್, ಈ ದೇಶದಲ್ಲಿ ವ್ಯಾಟ್ ಇಲ್ಲ. ಇದು ರಾಜ್ಯದ ದುಡ್ಡು, ಕಸ್ಟಮ್ಸ್‌ನವರಿಗೆ ಸಂಬಂಧ ಇಲ್ಲ. ಟೆಕ್ಸಾಸ್‌ನಲ್ಲಿ ಆದರೆ, ಸಾಮಾನು ದೇಶದಿಂದ ಹೊರಗೆ ಹೋಗುತ್ತದೆ ಅನ್ನುವುದಕ್ಕೆ ದಾಖಲೆ ಕೊಟ್ಟು ವಾಪಸ್ ಪಡೆಯುವ ದಾರಿ ಇದೆ, ಕೊಳ್ಳುವ ಮೊದಲೇ ಅಂಗಡಿಯಲ್ಲಿ ಕೇಳಿ. ಇನ್ನು ಸಾಮಾನು ಅಂಗಡಿಗೆ ವಾಪಸ್ ಕೊಟ್ಟರೆ ಬೆಲೆಯ ಜೊತೆ ಟ್ಯಾಕ್ಸೂ ವಾಪಸ್ ಬರುತ್ತದೆ, ಬಿಲ್ಲು ಬಿಸಾಕಬೇಡಿ. ಆನ್‌ಲೈನ್‌ನಲ್ಲಿ ತರಿಸಿದರೆ ತಪ್ಪುತ್ತದೆ ಅಂತ ಯಾರಾದರೂ ಹೇಳಿದರೆ ಅದು ಹಳೇ ಕಥೆ. ಜೂನ್ 2018ರಲ್ಲಿ ಸೌತ್ ಡಕೋಟಾ ಮತ್ತು ವೇಫೇರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ರಾಜ್ಯದಲ್ಲಿ ಅಂಗಡಿ ಇಲ್ಲದ ಮಾರಾಟಗಾರರಿಂದಲೂ ವಸೂಲಿ ಮಾಡಿಸಬಹುದು.

ನಗದು ಕೊಡುವ ಮಗು ಅಂದಿದ್ದಕ್ಕೆ ಇನ್ನೊಂದು. ಚಲಾವಣೆಗೆ ಒಂದು ಸೆಂಟ್ ನಾಣ್ಯ ಹೊಡೆಯುವುದನ್ನು ನವೆಂಬರ್ 2025ರಲ್ಲಿ ನಿಲ್ಲಿಸಿದ್ದಾರೆ. ಕೆಲವು ಅಂಗಡಿಗಳು ನಗದಿನ ಮೊತ್ತವನ್ನು ಹತ್ತಿರದ ಐದು ಸೆಂಟ್‌ಗೆ ಸರಿಮಾಡುತ್ತವೆ. ಮತ್ತೆ "ಸುಳ್ಳು ಬೆಲೆ" ಅಂದಾನು, ಮೊದಲೇ ಹೇಳಿಡಿ.

ಹಾಸನದ ಅಮ್ಮ, ಫ್ರಿಸ್ಕೊ, ಟೆಕ್ಸಾಸ್:
ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಬಿಲ್ಲು, ಕೆಂಪು ಪೆನ್ನು ಕೊಟ್ಟೆ. ಬಾಳೆಹಣ್ಣಿಗೆ ಯಾಕಿಲ್ಲ, ಬಾಳೆಹಣ್ಣು ಇಡುವ ಬುಟ್ಟಿಗೆ ಯಾಕಿದೆ ಅಂತ ಈಗ ಅವನೇ ನನ್ನನ್ನು ಕೇಳುತ್ತಿದ್ದಾನೆ. ಆಗಸ್ಟ್‌ನಲ್ಲಿ ಟ್ಯಾಕ್ಸ್ ಇಲ್ಲದ ದಿನಗಳು ಅಂತ ಸ್ಕೂಲಿನ ಅಮ್ಮಂದಿರು ಹೇಳಿದರು, ಹೌದಾ? ಹುಲಿ ಸರ್, ಹೋಮ್‌ಸ್ಟೆಡ್ ಅಂದರೆ ಏನು?

ಪ್ಲೇನೋ ಮೇಷ್ಟ್ರು, ಟೆಕ್ಸಾಸ್:
ಹೌದು, ಆಗಸ್ಟ್‌ನಲ್ಲಿ ಶುಕ್ರವಾರದಿಂದ ಭಾನುವಾರದವರೆಗೆ. 1999ರಿಂದ ನಡೆದು ಬಂದಿದೆ. ಬಟ್ಟೆ, ಶೂ, ಸ್ಕೂಲ್ ಬ್ಯಾಗು, ನೋಟ್‌ಬುಕ್, ಪೆನ್ಸಿಲ್ಲು. ಒಂದೊಂದರ ಬೆಲೆ ನೂರು ಡಾಲರ್‌ಗಿಂತ ಕಡಿಮೆ ಇರಬೇಕು. 99.99ರ ಶೂಗೆ ಟ್ಯಾಕ್ಸ್ ಇಲ್ಲ, ನೂರರ ಶೂಗೆ ಪೂರ್ತಿ ನೂರಕ್ಕೂ ಬೀಳುತ್ತದೆ, ಮ್ಯಾಸಚೂಸೆಟ್ಸ್ ತರಹ ದಾಟಿದಷ್ಟಕ್ಕೆ ಅಲ್ಲ. ಊರು ಆರಿಸುವ ವಿಷಯ ಅಂದರೆ, ಸೇಲ್ಸ್ ಟ್ಯಾಕ್ಸ್ ಒಂದನ್ನೇ ನೋಡಿ ಯಾರೂ ಊರು ಬದಲಿಸಬೇಡಿ. ಬಾಡಿಗೆ, ಸಂಬಳದ ಟ್ಯಾಕ್ಸ್, ಮಗುವನ್ನು ನೋಡಿಕೊಳ್ಳುವ ಖರ್ಚು ಒಟ್ಟಿಗೆ ಇಟ್ಟು ನೋಡಿ.

ಹಳೇ ಹುಲಿ, ಕೇಟಿ, ಟೆಕ್ಸಾಸ್:
ಹೋಮ್‌ಸ್ಟೆಡ್ ಅಂದರೆ ಸ್ವಂತ ಮನೆಯಲ್ಲಿ ವಾಸ ಇರುವವರಿಗೆ ವಿನಾಯಿತಿ. ಪ್ರಾಪರ್ಟಿ ಟ್ಯಾಕ್ಸ್‌ನಲ್ಲಿ ಸ್ಕೂಲಿನ ಪಾಲು ಲೆಕ್ಕ ಹಾಕುವಾಗ ಮನೆ ಬೆಲೆಯಿಂದ 1,40,000 ಡಾಲರ್ ಕಳೆಯುತ್ತಾರೆ. ತಾನಾಗಿ ಸಿಗುವುದಿಲ್ಲ, ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ, ಅಂದರೆ ಮನೆ ಬೆಲೆ ಕಟ್ಟುವ ಕಚೇರಿಗೆ, ಅರ್ಜಿ ಹಾಕಬೇಕು, ದುಡ್ಡು ಕಟ್ಟಬೇಕಿಲ್ಲ. ಅರ್ಜಿ ಹಾಕಿಕೊಡುತ್ತೇವೆ ಅಂತ ಫೀಸು ಕೇಳಿ ಕಾಗದ ಬಂದರೆ ಹರಿದು ಹಾಕಿ. ಅದಿರಲಿ, ಮನೆ ನೋಡಲು ಶುರು ಮಾಡಿದ್ದೀರಾ ಇಲ್ವಾ? ಪ್ರಾಸ್ಪರ್ ಕಡೆ ನನ್ನ ತಮ್ಮ ಇದ್ದಾನೆ, ಈ ಶನಿವಾರ ಫ್ರೀ ಇದ್ದರೆ ಹೇಳಿ.