‘ಹಿಮ್ಮುಖ ಹೊಂದಾಣಿಕೆ’ ಎಂದರೆ ಅರ್ಥ ಕೂಡುತ್ತದೆಯೇ?

ಪ್ರಶ್ನೆ, ಬಾಗಲಕೋಟೆಯಿಂದ:

ಎಲ್ಲರಿಗೂ ಶರಣು. ಡಿಟಿಪಿ ಅಂಗಡಿಗಳಿಗಾಗಿ ಕೈಪಿಡಿಯೊಂದು ತಯಾರಾಗುತ್ತಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದರೂ, ಪುಟ ಜೋಡಿಸುವ ಹಳೆ ಪೇಜ್‌ಮೇಕರ್ ಪ್ರೋಗ್ರಾಂ, ಹಳೆ ಪ್ರಿಂಟರ್ ಕೈಬಿಟ್ಟಾವೆಂದು ಎಷ್ಟೋ ಮಂದಿ ವಿಂಡೋಸ್ ಬದಲಿಸಲು ಒಪ್ಪುತ್ತಿಲ್ಲ. ಹಳೆ ಪ್ರೋಗ್ರಾಂ, ಹಳೆ ಫೈಲು ಹೊಸದರಲ್ಲೂ ನಡೆಯುವ ಗುಣಕ್ಕೆ, ಅಂದರೆ ‘ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ’ಗೆ, ಕರಡಿನಲ್ಲಿ ‘ಹಿಮ್ಮುಖ ಹೊಂದಾಣಿಕೆ’ ಎಂದಿದೆ. ಓದಿದವರು, ‘ಅಂದ್ರ ಮತ್ತ ಹಳೇ ವಿಂಡೋಸ್‌ಗೆ ವಾಪಸ್ ಹೋಗೂದೇನ್ರಿ?’ ಎಂದು ಕೇಳುತ್ತಾರೆ. ‘ಹಿಂಹೊಂದಿಕೆ’ ಆದೀತೇ? ಜನ ವಿಂಡೋಸ್ ಬದಲಿಸಲು ಒಪ್ಪದೇ ಇರುವುದಕ್ಕೆ ಯಾವ ಪದ?

ಉತ್ತರ, ಬೆಳಗಾವಿಯಿಂದ:

ಎರಡೂ ಬೇಡ. ‘ಹಿಮ್ಮುಖ’ ಎಂದ ಕೂಡಲೇ ರಿವರ್ಸ್ ಗೇರು ನೆನಪಾಗುತ್ತದೆ. ಇಲ್ಲಿ ಯಾವುದೂ ಹಿಂದಕ್ಕೆ ಹೋಗುವುದಿಲ್ಲ. ಹೊಸದು ತನ್ನ ಜಾಗದಲ್ಲೇ ನಿಂತು ಹಳೆಯದನ್ನೂ ನಡೆಸಿಕೊಡುತ್ತದೆ. ‘ಹಿಂ’ಗೆ ಬೇರೆ ತೊಡಕು. ಹಿಂದಿನ ವರ್ಷ ಕಳೆದುಹೋದದ್ದು, ಆದರೆ ಹಿಂಗಾರು ಮುಂಗಾರಿನ ನಂತರ ಬರುವುದು. ವಿಜಯಪುರದ ಕಡೆ ಹಿಂಗಾರಿ ಜೋಳ ಬಿತ್ತುವವರಿಗೆ ‘ಹಿಂ’ ಎಂದರೆ ಆಮೇಲಿನದು.

‘ಹೊಂದಾಣಿಕೆ’ಯೂ ಕೂಡುವುದಿಲ್ಲ. ಚುನಾವಣೆಯ ಸೀಟು ಹೊಂದಾಣಿಕೆಯಲ್ಲಿ ಇಬ್ಬರೂ ಒಂದಿಷ್ಟು ಬಿಟ್ಟುಕೊಡುತ್ತಾರೆ. ಹಳೆ ಪ್ರೋಗ್ರಾಂ ಏನನ್ನೂ ಬಿಟ್ಟುಕೊಡುವುದಿಲ್ಲ, ಹೇಗಿದೆಯೋ ಹಾಗೇ ಓಡಬೇಕು; ಭಾರವೆಲ್ಲ ಹೊಸದರ ಮೇಲೆ. ಆದ್ದರಿಂದ ‘ಹೊಂದಿಕೆ’ ಸಾಕು. ಹಳೆಗನ್ನಡ, ಹಳೆಬೇರು ಇದ್ದಂತೆ ‘ಹಳೆಹೊಂದಿಕೆ’ ಎನ್ನಿ.

ಪದ ಕೊಟ್ಟರೆ ಸಾಲದು, ಅದರ ಎಲ್ಲೆಯನ್ನೂ ಅಲ್ಲೇ ಬರೆಯಿರಿ. ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ (ಬಿಟ್ ಎಂದರೆ ಇಲ್ಲಿ ಕಂಪ್ಯೂಟರು ಒಮ್ಮೆಗೆ ನಿಭಾಯಿಸುವ ಮಾಹಿತಿಯ ಅಳತೆ). 32 ಬಿಟ್ ಪ್ರೋಗ್ರಾಂಗಳನ್ನು ಓಡಿಸುತ್ತದೆ, 16 ಬಿಟ್‌ನವನ್ನು ಓಡಿಸುವುದಿಲ್ಲ. ಕೆಲವೊಮ್ಮೆ ಪ್ರೋಗ್ರಾಂ 32 ಬಿಟ್ ಇದ್ದು ಅದರ ಸೆಟಪ್ ಮಾತ್ರ 16 ಬಿಟ್ ಇರುತ್ತದೆ. ಆಗ ಸಾಮಾನ್ಯವಾಗಿ ಇನ್‌ಸ್ಟಾಲ್ ಮಾಡುವಾಗಲೇ ನಿಂತುಬಿಡುತ್ತದೆ. ಪ್ರಿಂಟರಿನಂಥ ಸಾಧನವನ್ನು ವಿಂಡೋಸ್‌ಗೆ ಜೋಡಿಸುವ ಡ್ರೈವರ್‌ಗಂತೂ ಈ ರಿಯಾಯಿತಿಯೇ ಇಲ್ಲ: 64 ಬಿಟ್ ಡ್ರೈವರ್ ಸಿಗದ ಪ್ರಿಂಟರ್ ಅಲ್ಲಿಗೆ ಮುಗಿಯಿತು. ‘ಕಂಪ್ಯಾಟಿಬಿಲಿಟಿ ಮೋಡ್’ ಇದಕ್ಕೆ ಮದ್ದಲ್ಲ. ಪ್ರೋಗ್ರಾಂ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ಟ್ಯಾಬಿನಲ್ಲಿ ವಿಂಡೋಸ್ 7 ಎಂದು ಆರಿಸಿದರೆ, ‘ಇದು ವಿಂಡೋಸ್ 7’ ಎಂದು ಆ ಪ್ರೋಗ್ರಾಂಗೆ ಹೇಳಿ, ಹಳೆಯ ಕೆಲವು ನಡವಳಿಕೆಗಳನ್ನು ಒದಗಿಸುತ್ತದೆ, ಅಷ್ಟೇ. ಇಲ್ಲದ ಡ್ರೈವರನ್ನು ಅದು ಹುಟ್ಟಿಸುವುದಿಲ್ಲ.

ಇನ್ನೊಂದನ್ನು ಇದರೊಳಗೆ ಸೇರಿಸಬೇಡಿ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆ ಫಾಂಟಿನಲ್ಲಿ ಮಾಡಿದ ಲಗ್ನಪತ್ರಿಕೆಯನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದಾಗ ‘ಕನ್ನಡ’ ಇರಬೇಕಾದಲ್ಲಿ ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಪೌಂಡಿನ ಗುರುತು ಕಾಣುತ್ತವೆ. ಹೊಸ ವಿಂಡೋಸ್ ಫೈಲು ಕೆಡಿಸಿತು ಎನ್ನುತ್ತಾರೆ. ಫೈಲಿನಲ್ಲಿ ಮೊದಲಿನಿಂದಲೂ ಇದ್ದದ್ದು ಅವೇ ಸಂಕೇತಗಳು, ಕನ್ನಡದ ರೂಪ ಕೊಡುತ್ತಿದ್ದದ್ದು ಫಾಂಟು. ಅದೇ ಫಾಂಟ್ ಹಾಕಿದರೆ ಸರಿಯಾಗುತ್ತದೆ. ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯುನಿಕೋಡಿಗೆ ಪರಿವರ್ತಿಸಿದರೆ ಅರ್ಕಾವತ್ತನ್ನು ತಪ್ಪದೇ ನೋಡಿ: ‘ಸೂರ್ಯ’ದಲ್ಲಿ ಹಳೆ ಫಾಂಟು ‘ಯ’ ಆದ ಮೇಲೆ ಅರ್ಕಾವತ್ತು ಇಡುತ್ತದೆ, ಯುನಿಕೋಡಿನಲ್ಲಿ ‘ರ್’ ಮೊದಲು ಬರುತ್ತದೆ.

ಉತ್ತರ, ವಿಜಯಪುರದಿಂದ:

ಹಿಂಗಾರಿಯ ಮಾತು ಖರೇ ಅದ. ‘ಹಳೆಹೊಂದಿಕೆ’ ಒಪ್ಪಿಗೆ, ಆದರೆ ಬಿಡಿಸಿ ಬರೆದರೆ ‘ಹಳೆಯದಾದ ಹೊಂದಿಕೆ’ ಎಂದಾಗಿಬಿಡುತ್ತದೆ. ಕೂಡಿಸಿಯೇ ಬರೆಯಿರಿ, ಮೊದಲ ಸಲ ‘ಹಳೆಯದರೊಡನೆ ಹೊಂದಿಕೆ’ ಎಂದು ಬಿಡಿಸಿ ಹೇಳಿರಿ. ಇದರ ಜೋಡಿ ‘ಹೊಸಹೊಂದಿಕೆ’. ವರ್ಡ್ 2007ರಲ್ಲಿ 2003ರ ಫೈಲು ತೆರೆಯುವುದು ಹಳೆಹೊಂದಿಕೆ. 2007ರ ಹೊಸ ಬಗೆಯ ಡಾಕ್‌ಎಕ್ಸ್ ಫೈಲನ್ನು ವರ್ಡ್ 2003 ತೆರೆಯಬೇಕಾದರೆ ಬೇಕಾದದ್ದು ಹೊಸಹೊಂದಿಕೆ. ಅದು ತಾನಾಗಿ ಇರಲಿಲ್ಲ, ಬೇರೆ ಪ್ಯಾಕ್ ಹಾಕಬೇಕಿತ್ತು.

ಒಪ್ಪದಿರುವುದಕ್ಕೆ ‘ಹಿಂದೇಟು’ ಎನ್ನಿ. ‘ಹಿಂಜರಿಕೆ’ಯಲ್ಲಿ ಅಳುಕಿನ ವಾಸನೆ ಇದೆ, ಡ್ರೈವರ್ ಸಿಗದೆಂದು ಲೆಕ್ಕಹಾಕಿ ಬೇಡ ಎಂದವರು ಅಳುಕಿದವರಲ್ಲ. ‘ಅಪ್‌ಗ್ರೇಡ್’ಗೆ ‘ಮೇಲ್ದರ್ಜೆ’ ಬೇಡ, ಅದು ಶಾಲೆ, ಆಸ್ಪತ್ರೆಗಳಿಗಿರಲಿ. ‘ನವೀಕರಣ’ ಎಂದರೆ ಲೈಸೆನ್ಸ್ ನೆನಪಾಗುತ್ತದೆ. ಅಂಗಡಿಯವರು ‘ಹೊಸ ವಿಂಡೋಸ್ ಹಾಕೂದು’ ಅಂತಾರ. ಕೈಪಿಡಿಯಲ್ಲೂ ಅದೇ ಇರಲಿ.