ತೀರಿಕೊಂಡವರ ಖಾತೆಗಳು ಯಾರ ಪಾಲಿಗೆ ಸೇರಬೇಕು?

ಉತ್ತರದಾರಿ (ಪ್ರಶ್ನೆ)

ಒಬ್ಬರು ತೀರಿಕೊಂಡ ಮೇಲೆ ಅವರ ಮನೆ, ಜಮೀನು, ಠೇವಣಿ ಯಾರಿಗೆ ಸೇರಬೇಕೆಂಬುದಕ್ಕೆ ಎಲ್ಲ ದೇಶಗಳಲ್ಲೂ ಪಳಗಿದ ಕಾನೂನುಗಳಿವೆ. ಅದೇ ವ್ಯಕ್ತಿಯ ಇಮೇಲ್, ಕ್ಲೌಡ್‌ನಲ್ಲಿರುವ ಫೋಟೊಗಳು, ಸಾಮಾಜಿಕ ಜಾಲತಾಣದ ಖಾತೆ, ವರ್ಷಗಟ್ಟಲೆಯ ಚಾಟ್‌ಗಳ ಮಾತು ಬಂದ ಕೂಡಲೇ ವಾರಸುದಾರರು ಬರಿಯ ಅರ್ಜಿದಾರರಾಗಿಬಿಡುತ್ತಾರೆ. ಮರಣ ಪ್ರಮಾಣಪತ್ರವನ್ನು ಯಾವುದೋ ಫಾರಂಗೆ ಲಗತ್ತಿಸಿ, ಮುಖ ಕಾಣದ ಸಹಾಯವಾಣಿಯ ಉತ್ತರಕ್ಕಾಗಿ ಕಾಯುತ್ತಾ ಕೂರಬೇಕಾಗುತ್ತದೆ.

ನಮ್ಮ ಕುಟುಂಬದ ಹಿರಿಯರೊಬ್ಬರು ಹೋದ ನಂತರ ಇದೇ ವಿಷಯದಲ್ಲಿ ಎರಡು ಪಕ್ಷಗಳಾಗಿವೆ. ಅವರ ಮೊಬೈಲಿನ ಲಾಕ್ ಮಗಳಿಗೆ ಗೊತ್ತಿದೆ. ಎಲ್ಲವನ್ನೂ ತೆರೆದು ನೋಡಿ ಬೇಕಾದುದನ್ನು ಉಳಿಸಿಕೊಳ್ಳೋಣ ಎಂದು ಅವರು ಹೇಳುತ್ತಾರೆ. ಬದುಕಿದ್ದಾಗ ಯಾರಿಗೂ ತೋರಿಸದಿದ್ದುದನ್ನು ಈಗ ತೆರೆಯುವುದು ಹೋದವರಿಗೆ ಮಾಡುವ ಅವಮರ್ಯಾದೆ ಎಂದು ಅವರ ಚಿಕ್ಕಪ್ಪ ಪಟ್ಟು ಹಿಡಿದಿದ್ದಾರೆ. ಇಬ್ಬರ ಮಾತಿನಲ್ಲೂ ತಥ್ಯವಿದೆ ಎನ್ನಿಸುವುದರಿಂದಲೇ ಇಲ್ಲಿ ಕೇಳುತ್ತಿದ್ದೇನೆ.

ಖಾತೆಯನ್ನು ಒಡೆಯಲಾಗದ ಒಂದೇ ವಸ್ತು ಎಂದು ಭಾವಿಸಿರುವುದರಿಂದ ಈ ಜಗಳ ಹುಟ್ಟುತ್ತಿದೆ ಎಂಬುದು ನನ್ನ ಅಭಿಪ್ರಾಯ. ಒಂದೇ ಪಾಸ್‌ವರ್ಡಿನ ಹಿಂದೆ ವಿಮೆಯ ರಸೀದಿ, ಮೊಮ್ಮಕ್ಕಳ ಫೋಟೊ, ಸ್ನೇಹಿತರೊಬ್ಬರು ನಂಬಿ ಹೇಳಿಕೊಂಡ ಕಷ್ಟ ಎಲ್ಲವೂ ಇರುತ್ತವೆ. ಮೊದಲಿನ ಎರಡು ವಾರಸುದಾರರಿಗೆ ಸಲ್ಲಬೇಕು, ಮೂರನೆಯದು ಸಲ್ಲಬಾರದು. ಹೀಗೆ ಬೇರ್ಪಡಿಸುವ ಕಾನೂನು ಎಲ್ಲಾದರೂ ಇದೆಯೇ? ಇಲ್ಲವಾದರೆ ಏಕಿರಬಾರದು?

ಕಟಕಟೆ

ಈ ಪ್ರಶ್ನೆ ಜರ್ಮನಿಯ ನ್ಯಾಯಾಲಯಗಳಲ್ಲಿ ಕೂಲಂಕಷವಾಗಿ ಚರ್ಚೆಯಾಗಿದೆ, ಮತ್ತು ಅಲ್ಲಿಯ ತೀರ್ಪು ನಿಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿದೆ. 2012ರಲ್ಲಿ ಬರ್ಲಿನ್‌ನಲ್ಲಿ 15 ವರ್ಷದ ಬಾಲಕಿಯೊಬ್ಬಳು ಸುರಂಗ ರೈಲಿಗೆ ಸಿಲುಕಿ ಮೃತಪಟ್ಟಳು. ಅದು ಅಪಘಾತವೋ ಆತ್ಮಹತ್ಯೆಯೋ ತಿಳಿಯದ ತಂದೆತಾಯಿ, ಫೇಸ್‌ಬುಕ್ ಸಂದೇಶಗಳಲ್ಲಿ ಏನಾದರೂ ಸುಳಿವು ಸಿಗಬಹುದೆಂದು ನೋಡಹೋದರು. ಅಷ್ಟರಲ್ಲಿ ಅದು ಸ್ಮರಣಾರ್ಥ ಖಾತೆಯಾಗಿ ಮಾರ್ಪಟ್ಟಿದ್ದರಿಂದ ಪಾಸ್‌ವರ್ಡ್ ಗೊತ್ತಿದ್ದರೂ ಒಳಹೋಗುವ ದಾರಿ ಇರಲಿಲ್ಲ. ರೈಲಿನ ಚಾಲಕರು ಪರಿಹಾರ ಕೇಳಿದ್ದರಿಂದ, ಸಾವಿನ ಕಾರಣ ತಿಳಿಯುವುದು ಮನಸ್ಸಿನ ಸಮಾಧಾನಕ್ಕಷ್ಟೇ ಸಂಬಂಧಿಸಿದ ವಿಷಯವಾಗಿಯೂ ಉಳಿದಿರಲಿಲ್ಲ.

2015ರಲ್ಲಿ ಕೆಳಗಿನ ನ್ಯಾಯಾಲಯ ತಂದೆತಾಯಿಯ ಪರವಾಗಿ ತೀರ್ಪು ಕೊಟ್ಟಿತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯವು ದೂರಸಂಪರ್ಕದ ಗೌಪ್ಯತೆಯನ್ನು ಮುಂದಿಟ್ಟು ಅದನ್ನು ತಳ್ಳಿಹಾಕಿತು. 2018ರ ಜುಲೈ 12ರಂದು ಜರ್ಮನಿಯ ಫೆಡರಲ್ ನ್ಯಾಯಾಲಯ ಮತ್ತೆ ತಂದೆತಾಯಿಯ ಪರವಾಗಿ ನಿಂತಿತು. ಬಳಕೆದಾರರಿಗೂ ಕಂಪನಿಗೂ ಇರುವುದು ಒಂದು ಒಪ್ಪಂದ. ಮೃತರ ಉಳಿದ ಒಪ್ಪಂದಗಳ ಹಾಗೆ ಅದೂ ವಾರಸುದಾರರಿಗೆ ದಾಟುತ್ತದೆ. ಅತ್ಯಂತ ಖಾಸಗಿಯಾದ ದಿನಚರಿಗಳೂ ಪತ್ರಗಳೂ ವಾರಸುದಾರರಿಗೆ ಸೇರುತ್ತವೆ ಎಂದಾದ ಮೇಲೆ, ಬರಹ ಕಾಗದದ ಮೇಲಿಲ್ಲ ಎಂಬ ಕಾರಣಕ್ಕೆ ಬೇರೆ ನಿಯಮ ಮಾಡಲಾಗದು ಎಂಬುದು ಅದರ ತರ್ಕದ ಸಾರ. ಹಣಕ್ಕೆ ಸಂಬಂಧಿಸಿದ್ದನ್ನೂ ಖಾಸಗಿಯಾದುದನ್ನೂ ಬೇರ್ಪಡಿಸಬೇಕೆಂಬ ವಾದ ಅಲ್ಲಿ ನಿಲ್ಲಲಿಲ್ಲ. ಬೇರ್ಪಡಿಸಬೇಕಾದರೆ ಯಾರಾದರೂ ಕುಳಿತು ಎಲ್ಲವನ್ನೂ ಓದಲೇಬೇಕಲ್ಲ! ಓದುವವರು ಮಗಳೋ ಅಥವಾ ಕಂಪನಿಯ ನೌಕರರೋ ಎಂದು ಕೇಳಿದರೆ, ನಾನಂತೂ ಮಗಳು ಎನ್ನುತ್ತೇನೆ.

ಇನ್ನೊಂದು ವಿಪರ್ಯಾಸವನ್ನೂ ಗಮನಿಸಿ. ನಿಮ್ಮ ಹಿರಿಯರು ತೆಗೆದ ಫೋಟೊಗಳ ಕೃತಿಸ್ವಾಮ್ಯ ಸಾಮಾನ್ಯವಾಗಿ ಅವರ ನಂತರವೂ ಕನಿಷ್ಠ ಕೆಲವು ದಶಕಗಳ ಕಾಲ ಉಳಿದು ವಾರಸುದಾರರಿಗೇ ಬರುತ್ತದೆ. ಹಾಗಿದ್ದೂ ಆ ಫೋಟೊಗಳ ಕಡತ ಕೈಗೆ ಸಿಗದಿರಬಹುದು. ಹಕ್ಕು ಒಬ್ಬರಲ್ಲಿ, ವಸ್ತು ಇನ್ನೊಬ್ಬರಲ್ಲಿ ಎಂಬ ಈ ಸ್ಥಿತಿಯನ್ನು ಯಾವ ನ್ಯಾಯವೂ ಸಮರ್ಥಿಸಲಾರದು.

ಅಂಚೆಪೆಟ್ಟಿಗೆ

ಜರ್ಮನಿಯ ತೀರ್ಪಿನ ಬಗ್ಗೆ ನನಗೆ ಗೌರವವಿದೆ, ಆದರೆ ಪತ್ರದ ಹೋಲಿಕೆ ಅರ್ಧದಾರಿಯಲ್ಲೇ ಕೈಕೊಡುತ್ತದೆ. ಕಾಗದದ ಕಾಲದಲ್ಲಿ ಒಬ್ಬರ ಪೆಟ್ಟಿಗೆಯಲ್ಲಿ ಉಳಿಯುತ್ತಿದ್ದುದು ಅವರಿಗೆ ಬಂದ ಪತ್ರಗಳು ಮಾತ್ರ; ಅವರು ಬರೆದದ್ದು ಬೇರೆಯವರ ಮನೆಗಳಲ್ಲಿ ಚದುರಿಹೋಗಿರುತ್ತಿತ್ತು. ಬಂದವುಗಳಲ್ಲಿಯೂ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಹರಿದು ಹಾಕಬೇಕು ಎಂಬ ನಿರ್ಧಾರ ಆಗಾಗ ನಡೆಯುತ್ತಲೇ ಇತ್ತು. ಚಾಟ್‌ನಲ್ಲಿ ಎರಡೂ ಕಡೆಯ ಮಾತು ಸಾಲುಸಾಲಾಗಿ, ತಾರೀಖು ಗಂಟೆಗಳ ಸಮೇತ ಒಂದೇ ಕಡೆ ಕೂತಿರುತ್ತದೆ, ಮತ್ತು ಅದನ್ನು ಉಳಿಸಬೇಕೆಂದು ಯಾರೂ ತೀರ್ಮಾನಿಸಿರುವುದಿಲ್ಲ. ಅಳಿಸಲು ಯಾರಿಗೂ ತೋಚಲಿಲ್ಲ, ಅಷ್ಟೇ. ಅಳಿಸದೆ ಬಿಟ್ಟದ್ದನ್ನು ಬಿಟ್ಟುಹೋದ ಆಸ್ತಿ ಎಂದು ಲೆಕ್ಕ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಈ ಚರ್ಚೆಯಲ್ಲಿ ಹೋದವರ ಮರ್ಯಾದೆ ಮತ್ತು ಉಳಿದವರ ಹಕ್ಕು ಎರಡೇ ಬರುತ್ತಿವೆ. ಆ ಸಂಭಾಷಣೆಗಳ ಇನ್ನೊಂದು ತುದಿಯಲ್ಲಿ ಇದ್ದವರು ಇನ್ನೂ ಬದುಕಿದ್ದಾರೆ ಎಂಬುದನ್ನು ಮರೆಯಲಾಗಿದೆ. ತನ್ನ ಕಾಯಿಲೆಯನ್ನೋ ಸಂಸಾರದ ಒಡಕನ್ನೋ ಒಬ್ಬ ಹಿರಿಯರಿಗೆ ಮಾತ್ರ ಹೇಳಿಕೊಂಡ ಸಹೋದ್ಯೋಗಿಯೊಬ್ಬರನ್ನು ಊಹಿಸಿಕೊಳ್ಳಿ. ಆ ಹಿರಿಯರ ಮಗಳು ಅದನ್ನು ಓದಲು ಅವರು ಎಂದೂ ಅನುಮತಿ ಕೊಟ್ಟಿರಲಿಲ್ಲ. ಐರೋಪ್ಯ ಒಕ್ಕೂಟದ ದತ್ತಾಂಶ ಸಂರಕ್ಷಣಾ ನಿಯಮಾವಳಿಯು ಮೃತರ ದತ್ತಾಂಶಕ್ಕೆ ಅನ್ವಯಿಸುವುದಿಲ್ಲ ಎಂದು ಅದರ ಪೀಠಿಕೆಯಲ್ಲಿಯೇ ಹೇಳಲಾಗಿದೆ. ಆದರೆ ಸಂದೇಶ ಕಳಿಸಿದ ಬದುಕಿರುವ ವ್ಯಕ್ತಿಗೆ ಅದು ಖಂಡಿತ ಅನ್ವಯಿಸುತ್ತದೆ. ಜರ್ಮನಿಯ ನ್ಯಾಯಾಲಯ ಈ ಅಂಶವನ್ನೂ ತೂಗಿ ನೋಡಿ ವಾರಸುದಾರರ ಹಿತವೇ ಹೆಚ್ಚೆಂದಿತು. ಮಗುವನ್ನು ಕಳೆದುಕೊಂಡ ತಂದೆತಾಯಿ ಎದುರಿಗೆ ನಿಂತಿದ್ದಾಗ ಬೇರೆ ತೀರ್ಪು ಬರುವುದು ಕಷ್ಟವಿತ್ತು. ಅಂಥ ಪ್ರಕರಣದಿಂದ ಎಲ್ಲರಿಗೂ ಸಲ್ಲುವ ನಿಯಮ ತೆಗೆಯುವುದಕ್ಕೆ ನನ್ನ ಆಕ್ಷೇಪ.

ಇನ್ನು ಬೇರ್ಪಡಿಸುವ ಕಾನೂನು ಎಲ್ಲಾದರೂ ಇದೆಯೇ ಎಂಬ ಪ್ರಶ್ನೆಗೆ ಇದೆ ಎಂದೇ ಉತ್ತರ. ಅಮೆರಿಕದಲ್ಲಿ 2015ರಲ್ಲಿ ರೂಪಿಸಲಾದ, ನಂತರ ಬಹುಪಾಲು ರಾಜ್ಯಗಳು ಒಪ್ಪಿಕೊಂಡ ಮಾದರಿ ಕಾನೂನೊಂದು ಸಂದೇಶಗಳ ಒಳಗಿನ ವಿಷಯವನ್ನೂ ಅವುಗಳ ಪಟ್ಟಿಯನ್ನೂ ಎರಡಾಗಿ ನೋಡುತ್ತದೆ. ಯಾರಿಂದ, ಯಾರಿಗೆ, ಯಾವಾಗ ಎಂಬ ಪಟ್ಟಿಯನ್ನು, ಮೃತರು ಬೇಡವೆಂದಿರದಿದ್ದರೆ, ಆಸ್ತಿಯ ನಿರ್ವಾಹಕರು ಪಡೆಯಬಹುದು. ಒಳಗಿನ ವಿಷಯ ಬೇಕಾದರೆ ಮೃತರೇ ಮೊದಲು ಸಮ್ಮತಿಸಿರಬೇಕು. ಯಾವ ಬ್ಯಾಂಕಿನಿಂದ, ಯಾವ ವಿಮಾ ಕಂಪನಿಯಿಂದ ಪತ್ರ ಬರುತ್ತಿತ್ತು ಎಂಬುದು ಪಟ್ಟಿಯಿಂದಲೇ ತಿಳಿಯುವುದರಿಂದ ವ್ಯವಹಾರ ನಿಲ್ಲುವುದಿಲ್ಲ, ಮತ್ತು ಯಾರೂ ಯಾರ ಪತ್ರವನ್ನೂ ಓದಬೇಕಾಗಿಲ್ಲ. ‘ಕಟಕಟೆ’ಯವರು ಕೇಳಿದ ಪ್ರಶ್ನೆಗೆ ಇದಕ್ಕಿಂತ ಅಚ್ಚುಕಟ್ಟಾದ ಉತ್ತರವನ್ನು ನಾನು ಕಂಡಿಲ್ಲ.

ಬೀಗದಕೈ

ನೀವಿಬ್ಬರೂ ಹಕ್ಕಿನ ಬಗ್ಗೆ ವಾದಿಸುತ್ತಿದ್ದೀರಿ. ವೃತ್ತಿಯಿಂದ ಸರ್ವರ್‌ಗಳನ್ನು ನೋಡಿಕೊಳ್ಳುವವನಾದ ನನಗೆ ಸಾಧ್ಯತೆಯ ಚಿಂತೆ. ಎರಡು ತುದಿಗಳ ನಡುವೆ ಎನ್‌ಕ್ರಿಪ್ಟ್ ಆಗುವ, ಅಂದರೆ ಕಳಿಸಿದವರು ಮತ್ತು ಪಡೆದವರ ಹೊರತು ಬೇರಾರೂ ಓದಲಾಗದಂತೆ ಗುಪ್ತಲಿಪಿಯಾಗುವ, ಸಂದೇಶಗಳ ಕೀಲಿ ಇರುವುದು ಸಾಧನದಲ್ಲಿ, ಕಂಪನಿಯಲ್ಲಲ್ಲ. ನ್ಯಾಯಾಲಯ ಎಂಥ ಆದೇಶ ಹೊರಡಿಸಿದರೂ ತನ್ನ ಬಳಿ ಇಲ್ಲದ್ದನ್ನು ಕಂಪನಿ ಕೊಡಲಾರದು. ಹೀಗಾಗಿ, ಕಾನೂನಿನ ಪುಸ್ತಕದಲ್ಲಿ ಏನೇ ಬರೆದಿದ್ದರೂ, ಮೊಬೈಲಿನ ಲಾಕ್ ಗೊತ್ತಿರುವ ಮಗಳು ಇವತ್ತು ಎಲ್ಲ ನ್ಯಾಯಾಧೀಶರಿಗಿಂತ ಬಲಶಾಲಿ. ಇದು ಸರಿಯೋ ತಪ್ಪೋ ನಾನು ಹೇಳುತ್ತಿಲ್ಲ.

ಮೊದಲು ಮಾಡಬೇಕಾದ್ದು, ಅಥವಾ ಮಾಡಬಾರದ್ದು ಎನ್ನಿ, ಒಂದಿದೆ: ಆ ಮೊಬೈಲ್ ಸಂಖ್ಯೆಯನ್ನು ಆತುರದಲ್ಲಿ ರದ್ದು ಮಾಡಿಸಬೇಡಿ. ಇಮೇಲ್‌ನಿಂದ ಹಿಡಿದು ತೆರಿಗೆಯ ಜಾಲತಾಣದವರೆಗೆ ಅನೇಕ ಖಾತೆಗಳ ಎರಡನೆಯ ಹಂತದ ದೃಢೀಕರಣ ಅದೇ ಸಂಖ್ಯೆಗೆ ಬರುವ ಒಟಿಪಿಯನ್ನು ಅವಲಂಬಿಸಿರುತ್ತದೆ. ಜೊತೆಗೆ, ರದ್ದಾದ ಸಂಖ್ಯೆ ಕೆಲವು ಕಾಲದ ನಂತರ ಅಪರಿಚಿತರೊಬ್ಬರ ಕೈಸೇರಬಹುದು. ಕಾಲಮಿತಿಯೂ ಇದೆ. ಎರಡು ವರ್ಷ ಬಳಕೆಯಾಗದ ವೈಯಕ್ತಿಕ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ 2023ರಲ್ಲಿ ಪ್ರಕಟಿಸಿ ಅದೇ ವರ್ಷದ ಡಿಸೆಂಬರ್‌ನಿಂದ ಜಾರಿಗೆ ತಂದಿತು. ಕುಟುಂಬದ ವಾದ ಅದಕ್ಕಿಂತ ಮೊದಲು ಮುಗಿಯಲಿ ಎಂದು ಆಶಿಸುತ್ತೇನೆ.

ಬದುಕಿರುವವರು ಈಗಲೇ ಮಾಡಿಕೊಳ್ಳಬಹುದಾದ ವ್ಯವಸ್ಥೆಗಳು ಇಲ್ಲದಿಲ್ಲ. ಖಾತೆ ಇಂತಿಷ್ಟು ತಿಂಗಳು ನಿಷ್ಕ್ರಿಯವಾಗಿದ್ದರೆ ಯಾರಿಗೆ ಏನು ಸಿಗಬೇಕೆಂದು ಮೊದಲೇ ಹೇಳಿಡುವ ಸೌಲಭ್ಯ ಗೂಗಲ್‌ನಲ್ಲಿ 2013ರಿಂದ ಇದೆ. ಫೋಟೊ ಇವರಿಗೆ, ಇಮೇಲ್ ಯಾರಿಗೂ ಬೇಡ ಎಂದು ಅಲ್ಲಿ ಭಾಗ ಮಾಡಿಯೂ ಇಡಬಹುದು. ಆಪಲ್ 2021ರ ಡಿಸೆಂಬರ್‌ನಲ್ಲಿ ಐದು ಮಂದಿಯವರೆಗೆ ಹೆಸರಿಸುವ ಅವಕಾಶ ತಂದಿತು. ಹೆಸರಿಸಿದವರು ಪ್ರವೇಶದ ಕೀಲಿ ಮತ್ತು ಮರಣ ಪ್ರಮಾಣಪತ್ರ ಸಲ್ಲಿಸಿದರೆ ಫೋಟೊ, ಟಿಪ್ಪಣಿ ಮುಂತಾದವು ಸಿಗುತ್ತವೆ, ಆದರೆ ಉಳಿಸಿಟ್ಟ ಪಾಸ್‌ವರ್ಡ್‌ಗಳಾಗಲಿ ಹಣ ಕೊಟ್ಟು ಪಡೆದ ಚಲನಚಿತ್ರ, ಪುಸ್ತಕಗಳಾಗಲಿ ಸಿಗುವುದಿಲ್ಲ. ಫೇಸ್‌ಬುಕ್‌ನಲ್ಲಿ 2015ರಿಂದ ಇಂಥದೇ ಒಂದು ವ್ಯವಸ್ಥೆಯಿದ್ದು, ಅಲ್ಲಿ ಹೆಸರಿಸಲ್ಪಟ್ಟವರು ಖಾಸಗಿ ಸಂದೇಶಗಳನ್ನು ಓದುವಂತಿಲ್ಲ. ಒಟ್ಟಿನಲ್ಲಿ ‘ಉತ್ತರದಾರಿ’ಯವರು ಕೇಳುತ್ತಿರುವ ವಿಂಗಡಣೆಯನ್ನು ಕಂಪನಿಗಳು ತಮ್ಮ ಅನುಕೂಲಕ್ಕೆ ತಕ್ಕಂತೆ ಆಗಲೇ ಮಾಡಿ ಮುಗಿಸಿವೆ. ಪ್ರತಿಯೊಂದರ ಗೆರೆಯೂ ಬೇರೆ ಕಡೆ ಇದೆ.

ಪಾಸ್‌ವರ್ಡ್‌ಗಳನ್ನು ಉಯಿಲಿನಲ್ಲಿ ಬರೆದಿಡುವವರಿಗೆ ಒಂದು ಮಾತು: ಹಲವು ದೇಶಗಳಲ್ಲಿ ಉಯಿಲು ನ್ಯಾಯಾಲಯದ ಮುಂದೆ ಬಂದ ಮೇಲೆ ಸಾರ್ವಜನಿಕ ದಾಖಲೆಯಾಗುತ್ತದೆ. ದಯವಿಟ್ಟು ಬೇರೆ ಜಾಗ ಹುಡುಕಿ.

ಉತ್ತರದಾರಿ

ಮೂವರಿಗೂ ಧನ್ಯವಾದಗಳು. ಸಂಖ್ಯೆಯನ್ನು ರದ್ದು ಮಾಡಿಸುವ ಅರ್ಜಿ ಸಿದ್ಧವಾಗಿತ್ತು, ತಡೆಹಿಡಿಯಲು ಹೇಳಿದ್ದೇನೆ. ಪಟ್ಟಿ ಮತ್ತು ಒಳಗಿನ ವಿಷಯ ಎಂಬ ವಿಂಗಡಣೆ ನನಗೆ ಬಹಳ ಹಿಡಿಸಿತು. ಆದರೆ ಕಾನೂನು ಸಮ್ಮತಿಯನ್ನು ಕೇಳುತ್ತದೆ ಎಂದಾದರೆ, ಏನನ್ನೂ ಹೇಳದೆ ಹೋದವರ ಗತಿಯೇನು? ಇಂಥ ಸೌಲಭ್ಯಗಳ ಹೆಸರನ್ನೂ ಕೇಳದ ಜನ ನನ್ನ ಸುತ್ತಮುತ್ತ ತುಂಬಿದ್ದಾರೆ.

ಕಟಕಟೆ

ಆ ಪ್ರಶ್ನೆ ಬರಲೇಬೇಕಿತ್ತು. ಅಮೆರಿಕದ ಮಾದರಿಯಲ್ಲಿ ಮೊದಲ ಸ್ಥಾನ ಕಂಪನಿಯೇ ಒದಗಿಸಿದ ಆಯ್ಕೆಗೆ, ಎರಡನೆಯದು ಉಯಿಲಿಗೆ. ಎರಡರಲ್ಲೂ ಏನೂ ಹೇಳಿರದಿದ್ದರೆ ಕಂಪನಿಯ ಬಳಕೆಯ ನಿಯಮಗಳೇ ಗತಿ. ಯಾರೂ ಓದದೆ ಒಪ್ಪಿಕೊಂಡ ನಿಯಮಗಳು ಒಬ್ಬರ ಕೊನೆಯ ಇಚ್ಛೆಯ ಜಾಗದಲ್ಲಿ ಬಂದು ಕೂರುತ್ತವೆ ಎಂಬುದೇ ನನ್ನ ತಕರಾರು. 2017ರಲ್ಲಿ ಮ್ಯಾಸಚೂಸೆಟ್ಸ್‌ನ ಸರ್ವೋಚ್ಚ ನ್ಯಾಯಾಲಯ, ಯಾಹೂ ಇಮೇಲ್ ಒಂದರ ಪ್ರಕರಣದಲ್ಲಿ, ಮೃತರ ಪರವಾಗಿ ಅವರ ಆಸ್ತಿಯ ನಿರ್ವಾಹಕರೇ ಸಮ್ಮತಿ ನೀಡಬಹುದು, ಸಂದೇಶಗಳ ಒಳಗಿನ ವಿಷಯವನ್ನು ಕಂಪನಿಗಳು ಹೊರಗೆ ಕೊಡುವುದನ್ನು ನಿರ್ಬಂಧಿಸುವ 1986ರ ಸಂವಹನ ಕಾನೂನು ಅದಕ್ಕೆ ಅಡ್ಡಿಯಲ್ಲ ಎಂದಿತು. ನನಗೆ ಆ ದಾರಿಯೇ ಹೆಚ್ಚು ಮಾನವೀಯವೆನ್ನಿಸುತ್ತದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 14ನೆಯ ಸೆಕ್ಷನ್ ಮರಣಾನಂತರ ತಮ್ಮ ಹಕ್ಕು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡುವ ಅವಕಾಶ ಕೊಡುತ್ತದೆ, ಫ್ರಾನ್ಸ್ 2016ರಲ್ಲೇ ಇಂಥ ಸೂಚನೆಗಳನ್ನು ಬರೆದಿಡಲು ಅವಕಾಶ ಕೊಟ್ಟಿತು; ಇವೂ ಮೊದಲೇ ಯೋಚಿಸಿದವರಿಗೆ ಮಾತ್ರ ಒದಗುವಂಥವು.

ಕಂಪನಿಯನ್ನು ನಂಬಿ ವಿಂಗಡಣೆ ಒಪ್ಪಿಸುವವರಿಗೆ ಜರ್ಮನಿಯ ಪ್ರಕರಣದ ಎರಡನೆಯ ಅಧ್ಯಾಯವನ್ನೂ ಹೇಳಬೇಕು. ತೀರ್ಪಿನ ನಂತರ ಫೇಸ್‌ಬುಕ್ ಆ ತಂದೆತಾಯಿಗೆ 14,000ಕ್ಕೂ ಹೆಚ್ಚು ಪುಟಗಳ ಪಿಡಿಎಫ್ ಕಡತವೊಂದನ್ನು ಯುಎಸ್‌ಬಿಯಲ್ಲಿ ಹಾಕಿ ಕೊಟ್ಟಿತು. ಇದು ಸಾಲದು, ಬಳಕೆದಾರರು ನೋಡುತ್ತಿದ್ದ ರೀತಿಯಲ್ಲೇ ಖಾತೆ ತೆರೆದುಕೊಡಬೇಕು ಎಂದು ನ್ಯಾಯಾಲಯ 2020ರಲ್ಲಿ ಮತ್ತೊಮ್ಮೆ ಹೇಳಬೇಕಾಯಿತು.

ಅಂಚೆಪೆಟ್ಟಿಗೆ

ಏನನ್ನೂ ಹೇಳದೆ ಹೋದವರ ವಿಷಯದಲ್ಲಿ ನಮ್ಮಿಬ್ಬರ ದಾರಿ ಬೇರೆ. ನಿರ್ವಾಹಕರು ಮೃತರ ಪರವಾಗಿ ಸಮ್ಮತಿಸಬಹುದು ಎಂದಾದರೆ, ಆ ಸಮ್ಮತಿ ಮೃತರ ಮಾತುಗಳಿಗಷ್ಟೇ ಸಲ್ಲುತ್ತದೆ. ಎದುರಿನವರ ಮಾತಿಗೆ ಸಮ್ಮತಿಸುವ ಅಧಿಕಾರ ಮೃತರಿಗೂ ಪೂರ್ತಿಯಾಗಿ ಇರಲಿಲ್ಲ. ಆದ್ದರಿಂದ ಮೌನವನ್ನು ಪಟ್ಟಿಯ ಮಟ್ಟಿಗೆ ಸಮ್ಮತಿಯೆಂದೂ, ಫೋಟೊ ಮತ್ತು ದಾಖಲೆಗಳ ಮಟ್ಟಿಗೂ ಸಮ್ಮತಿಯೆಂದೂ, ಸಂಭಾಷಣೆಗಳ ಮಟ್ಟಿಗೆ ನಿರಾಕರಣೆಯೆಂದೂ ಕಾನೂನು ಭಾವಿಸಲಿ. ಸಾವಿನ ಕಾರಣ ತಿಳಿಯಬೇಕಾದಂಥ ಗಂಭೀರ ಸಂದರ್ಭಗಳಿಗೆ ನ್ಯಾಯಾಲಯದ ಬಾಗಿಲು ತೆರೆದೇ ಇರಲಿ, ಆಗ ಅಗತ್ಯವಿದ್ದಷ್ಟನ್ನು ಮಾತ್ರ ತೆರೆಯಲಿ.

ನಿಮ್ಮ ಮನೆಯ ವಿಷಯಕ್ಕೆ ಬರುವುದಾದರೆ, ಲಾಕ್ ಗೊತ್ತಿರುವ ಮಗಳಿಗೆ ಇವತ್ತೇ ಫೋಟೊಗಳನ್ನೂ ವಿಮೆ, ಬ್ಯಾಂಕಿನ ಕಾಗದಗಳನ್ನೂ ನಕಲು ಮಾಡಿಕೊಳ್ಳಲು ಹೇಳಿ. ಚಿಕ್ಕಪ್ಪ ಪಕ್ಕದಲ್ಲೇ ಕೂರಲಿ. ಚಾಟ್‌ಗಳ ಚರ್ಚೆ ಇನ್ನೂ ಕೆಲವು ತಿಂಗಳು ಕಾಯಬಲ್ಲದು.